ಬೆಳ್ಳಂದೂರಿನ ಕೆರೆಯ ಏರಿಯ ಮೇಲೆ

ಕಳೆದ ಮಾಘಮಾಸದಲ್ಲಿ ಮಗಳ ಮನೆಗೆಂದು ಬೆಂಗಳೂರಿಗೆ ಹೋಗಿದ್ದಾಗ, ರಸಾಯನಶಾಸ್ತ್ರವನ್ನು ವ್ಯಾಸಂಗಮಾಡುತ್ತಿರುವ ಮೊಮ್ಮಗನೊಡನೆ ಒಂದು ಪ್ರಾತಃಕಾಲ ಬೆಳ್ಳಂದೂರಿನ ಕೆರೆಯನ್ನು ನೋಡಲು ಹೋದೆನು. ಸುಮಾರು 900 ಎಕರೆಗಳಷ್ಟು ವಿಸ್ತಾರವಾದ ಈ ಜಲಾಶಯವು ಆ ನಗರದ ಕೆರೆಗಳಲ್ಲೆಲ್ಲ ಹಿರಿದು. ಹಿಂದೆ ಗದ್ದೆಗಳಿಗೆ ನೀರುಣಿಸುತ್ತಿದ್ದ ಇದೇ ಕೆರೆಯ ಮೇಲೆ 2015ರಲ್ಲಿಯೂ 2017ರಲ್ಲಿಯೂ ಬೆಂಕಿ ಕಾಣಿಸಿಕೊಂಡಿತೆಂದರೆ, ಅದನ್ನು ಸೇರಿರುವ ಕಲ್ಮಷವೆಷ್ಟೆಂಬುದನ್ನು ವಾಚಕರೇ ಊಹಿಸಬಹುದು.

ಏರಿಯ ಮೇಲಿದ್ದ ವೃದ್ಧ ರೈತನೊಬ್ಬನು ಒಂದು ಹಿಡಿ ಕಪ್ಪು ಗೋಡನ್ನು ತೋರಿಸಿ, “ಸ್ವಾಮಿ, ನಮ್ಮ ಹಿರೀಕರು ಕೆರೆಗೋಡನ್ನು ಗಾಡಿಗಟ್ಟಲೆ ಹೊಲಕ್ಕೆ ಹೊಡೆಯುತ್ತಿದ್ದರು. ಈಗ ಇದು ವಿಷವೆನ್ನುತ್ತಾರೆ. ಆ ವಿಷವನ್ನು ತೆಗೆಯುವ ಉಪಾಯವಿಲ್ಲವೆ?” ಎಂದು ಕೇಳಿದನು.

ಕೊಳೆತ ಸಾವಯವ ವಸ್ತುವು ಸ್ವತಃ ಉತ್ತಮವಾದ ಗೊಬ್ಬರ. ದೋಷವಿರುವುದು ನಗರದ ಕೊಚ್ಚೆನೀರಿನೊಡನೆ ಬಂದು ಅದಕ್ಕೆ ಅಂಟಿಕೊಳ್ಳುವ ಸೀಸ, ಕ್ಯಾಡ್ಮಿಯಂ, ಸತು ಮೊದಲಾದ ಭಾರಲೋಹಗಳಲ್ಲಿ. ಸೊಪ್ಪುಸದೆಗಳು ಕಾಲಕ್ರಮದಲ್ಲಿ ಮಣ್ಣಾಗುವುವು. ಲೋಹವಾದರೋ ಕೊಳೆಯದು, ಸುಟ್ಟರೂ ನಾಶವಾಗದು. ಪೈರಿನಿಂದ ಅನ್ನಕ್ಕೂ ಅನ್ನದಿಂದ ದೇಹಕ್ಕೂ ಅದು ಸೇರಬಹುದು.

ಮೊಮ್ಮಗನು ಕಡ್ಡಿಯಿಂದ ನೆಲದ ಮೇಲೆ ಒಂದು ತೊಟ್ಟಿಯ ಚಿತ್ರವನ್ನು ಬರೆದು ವಿವರಿಸಿದನು. ಒದ್ದೆಯಾದ ಗೋಡನ್ನು ತೊಟ್ಟಿಯಲ್ಲಿ ತುಂಬಿ, ಎರಡು ಕೊನೆಗಳಲ್ಲಿಯೂ ಫಲಕಗಳನ್ನು ನಿಲ್ಲಿಸಿ, ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತನ್ನು ಹಾಯಿಸಬೇಕು. ಧನಫಲಕದ ಬಳಿ ನೀರು ವಿಭಜನೆಗೊಂಡು ಆಮ್ಲವು ಹುಟ್ಟುವುದು. ಆ ಆಮ್ಲವು ಲೋಹಗಳ ಬಂಧವನ್ನು ಬಿಡಿಸುವುದು. ಬಿಡುಗಡೆಯಾದ ಲೋಹಕಣಗಳು ಧನವಿದ್ಯುತ್ತನ್ನು ಹೊತ್ತಿರುವುದರಿಂದ ಋಣಫಲಕದ ಕಡೆಗೆ ಸರಿದು ಅಲ್ಲಿ ಶೇಖರವಾಗುವುವು. ವಿದ್ಯುತ್ತಿನ ಬಲದಿಂದ ಜೇಡಿಮಣ್ಣಿನೊಳಗಿನ ನೀರು ಚಲಿಸುವುದೆಂಬ ವಿಷಯವನ್ನು ಮಾಸ್ಕೋ ನಗರದ ರಾಯ್ಸ್ ಎಂಬ ವಿದ್ವಾಂಸನು 1809ರಷ್ಟು ಹಿಂದೆಯೇ ಪ್ರಕಟಿಸಿದ್ದನು.

“ಹಾಗಾದರೆ ಈ ಕೆರೆಯನ್ನೆಲ್ಲ ಶುದ್ಧಮಾಡಬಹುದಲ್ಲವೇನಪ್ಪಾ?” ಎಂದನು ರೈತ.

“ಅಷ್ಟು ಸುಲಭವಲ್ಲ, ಯಜಮಾನರೇ. ಸಣ್ಣ ತೊಟ್ಟಿಗೇ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ವಿದ್ಯುತ್ತು ಬೇಕು. ಗಟ್ಟಿಯಾಗಿ ಅಂಟಿದ ಲೋಹವು ಪೂರ್ತಿಯಾಗಿ ಬಿಡುವುದಿಲ್ಲ. ಹುಳಿಯಾದ ಗೋಡಿಗೆ ಆಮೇಲೆ ಸುಣ್ಣವನ್ನು ಬೆರೆಸಬೇಕು. ತೆಗೆದ ಲೋಹವನ್ನು ಭದ್ರವಾದ ಕಡೆ ಇಡಬೇಕು. ಮಣ್ಣನ್ನು ಪರೀಕ್ಷೆ ಮಾಡಿಸದೆ ಮಾತ್ರ ಹೊಲಕ್ಕೆ ಹಾಕಬೇಡಿ.”

ರೈತನು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೈಯಲ್ಲಿದ್ದ ಗೋಡನ್ನು ಕೆಳಗೆ ಚೆಲ್ಲಿದನು. ಕೆರೆಯ ದಡದಲ್ಲಿಯೇ ನಿಂತು, ಕೈತೊಳೆಯುವುದಕ್ಕೆ ನಮ್ಮ ಸೀಸೆಯ ನೀರನ್ನು ಬೇಡಿದನು.

ನೀರನ್ನು ಹೊಯ್ಯುವಾಗ ನನ್ನ ಮನಸ್ಸಿಗೆ ಬಹಳ ವ್ಯಥೆಯಾಯಿತು. ಬೆರೆತುದನ್ನು ಬೇರ್ಪಡಿಸುವ ವಿದ್ಯೆಯು ಶ್ಲಾಘ್ಯವೇ ಸರಿ. ಆದರೆ ಕಾರ್ಖಾನೆಯ ಕೊಳೆಯನ್ನು ಚರಂಡಿಗೆ ಬಿಡದಿರುವುದೂ, ಮನೆಯ ಹಳೆಯ ಬ್ಯಾಟರಿಯನ್ನು ಅಡಿಗೆಮನೆಯ ಕಸದೊಡನೆ ಬೆರೆಸದಿರುವುದೂ ಅದಕ್ಕಿಂತ ಸುಲಭವಾದ ವಿದ್ಯೆಗಳು. ಎರಡನೆಯದನ್ನು ಗೃಹಸ್ಥರಾದ ನಾವು ಇಂದೇ ಆರಂಭಿಸಬಹುದು.