ಮೂವತ್ತಾರು ಕೀಲಿಗಳಲ್ಲಿ ಕನ್ನಡ

ನನ್ನ ಮೇಜಿನ ಮೇಲಿರುವ ಕೀಬೋರ್ಡನ್ನು ಮೊದಲ ಸಲ ನೋಡಿದವರು 'ಇದು ಮುರಿದದ್ದು ಹೇಗೆ?' ಎಂದು ಕೇಳುತ್ತಾರೆ. ಎರಡು ತುಂಡು, ನಡುವೆ ಒಂದು ವಯರು, ಒಂದೊಂದು ತುಂಡಿನಲ್ಲಿ 18 ಕೀಲಿ. ಅಂಕಿಗಳ ಸಾಲು ಇಲ್ಲ, ಬಾಣದ ಗುರುತಿನ ಕೀಲಿಗಳಿಲ್ಲ, ಎಫ್1ರಿಂದ ಎಫ್12ರ ತನಕದ ಪರಿವಾರವಂತೂ ಇಲ್ಲವೇ ಇಲ್ಲ. ಮುರಿದದ್ದಲ್ಲ, ನಾನೇ ಕೂತು ಬೆಸೆದದ್ದು ಎಂದರೆ ಕೇಳಿದವರ ಮುಖದಲ್ಲಿ ಕನಿಕರ ಇನ್ನಷ್ಟು ಹೆಚ್ಚುತ್ತದೆ.

ಹವ್ಯಾಸವೆಂದು ಹಿಡಿದದ್ದಲ್ಲ ಇದು. ಹದಿನಾಲ್ಕು ವರ್ಷ ಕೋಡ್ ಬರೆದ ಬಲಗೈ ಮಣಿಕಟ್ಟು ಎರಡು ವರ್ಷದ ಹಿಂದೆ ಮುಷ್ಕರ ಹೂಡಿತು. ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲಿನಲ್ಲಿ ಹಿಡಿಕೆಗೆ ಜೋತು ಬೀಳುವುದೂ ಕಷ್ಟವಾಯಿತು; ಈ ಊರಿನಲ್ಲಿ ಆ ಒಂದು ಕೆಲಸ ಆಗದವನ ಗತಿ ಏನೆಂದು ನಿಮಗೆ ಗೊತ್ತು. ಮನೆ ಸಾಲದ ಕಂತು ಇನ್ನೂ ಹನ್ನೊಂದು ವರ್ಷ ಬಾಕಿ. ಅದನ್ನು ಕಟ್ಟುವುದು ಇದೇ ಹತ್ತು ಬೆರಳು. ಡಾಕ್ಟರು ಗುಳಿಗೆ, ವ್ಯಾಯಾಮ ಬರೆದುಕೊಟ್ಟು, ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟು ತೋರಿಸಿ ಎಂದರು. ಇಟ್ಟೆ. ಎರಡೂ ಮಣಿಕಟ್ಟುಗಳು ಕಿರುಬೆರಳಿನ ಕಡೆಗೆ ಸೊಟ್ಟಗೆ ವಾಲಿದ್ದವು. ದಿನಕ್ಕೆ ಎಂಟೊಂಬತ್ತು ಗಂಟೆ ಹೀಗೇ ಇದ್ದರೆ ಅವು ಇನ್ನೇನು ಮಾಡಬೇಕು?

ಕೀಬೋರ್ಡನ್ನು ಎರಡು ಹೋಳು ಮಾಡಿ ಭುಜದ ಅಗಲಕ್ಕೆ ದೂರವಿಟ್ಟರೆ ಮಣಿಕಟ್ಟು ನೇರವಾಗುತ್ತದೆ. ನಡುಬೆರಳು ಉದ್ದ, ಕಿರುಬೆರಳು ಗಿಡ್ಡ. ಕೀಲಿಗಳ ಕಂಬಸಾಲುಗಳನ್ನೂ ಹಾಗೇ ಮೇಲೆ ಕೆಳಗೆ ಜೋಡಿಸಿರುತ್ತಾರೆ. ಮಾಮೂಲಿ ಕೀಬೋರ್ಡಿನಲ್ಲಿ ಅತ್ಯಂತ ಗಟ್ಟಿ ಬೆರಳಾದ ಹೆಬ್ಬೆರಳಿಗೆ ಸ್ಪೇಸ್ ಒತ್ತುವುದೊಂದೇ ಕೆಲಸ. ಶಿಫ್ಟ್, ಎಂಟರ್, ಬ್ಯಾಕ್‌ಸ್ಪೇಸ್ ಎಲ್ಲ ಪಾಪದ ಕಿರುಬೆರಳಿನ ತಲೆಗೆ. ಇಲ್ಲಿ ಒಂದೊಂದು ಹೆಬ್ಬೆರಳಿಗೆ ಮೂರು ಕೀಲಿ. ಇಲ್ಲದ ಅಂಕಿಗಳು ಬೇಕಾದರೆ ಒಂದು ಹೆಬ್ಬೆರಳು ಕೀಲಿ ಒತ್ತಿ ಹಿಡಿಯಬೇಕು, ಆಗ ಮೇಲಿನ ಸಾಲು ಅಂಕಿಗಳಾಗುತ್ತದೆ. ಬೆರಳು ಕೀಲಿಯ ಹತ್ತಿರ ಓಡುವ ಬದಲು ಕೀಲಿಯೇ ಬೆರಳಿನ ಕೆಳಗೆ ಬರುತ್ತದೆ. ನೋವು ಪೂರ್ತಿ ಹೋಯಿತು ಎನ್ನಲಾರೆ, ವ್ಯಾಯಾಮವನ್ನೂ ಬಿಟ್ಟಿಲ್ಲ. ಆದರೆ ಹಿಡಿಕೆಗೆ ಜೋತು ಬೀಳಬಲ್ಲೆ.

ನಾನು ಕಟ್ಟಿದ್ದು 'ಕೊರ್ನೆ' ಎಂಬ ಮಾದರಿ. ಜಪಾನಿನವರೊಬ್ಬರು ವಿನ್ಯಾಸ ಮಾಡಿ, ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದು ನಕ್ಷೆಯನ್ನು ಮುಕ್ತವಾಗಿ ಬಿಟ್ಟಿದ್ದಾರೆ. ಮೂಲದಲ್ಲಿ 42 ಕೀಲಿ, ಆಚೀಚೆ ಅಂಚಿನ ಸಾಲು ಬಿಟ್ಟರೆ 36. ಬೋರ್ಡ್ ಮುದ್ರಿಸಿಕೊಡುವವರು ಐದಕ್ಕಿಂತ ಕಡಿಮೆ ಕೊಡಲಿಲ್ಲ. ಎಡಕ್ಕೂ ಬಲಕ್ಕೂ ಒಂದೇ ಬೋರ್ಡನ್ನು ಮಗುಚಿ ಬಳಸುವುದರಿಂದ ಎರಡು ಕೀಬೋರ್ಡಾಗಿ ಒಂದು ಬೋರ್ಡ್ ಉಳಿಯುತ್ತದೆ. ಡಯೋಡ್, ಬೆಸುಗೆ ತಂತಿ, ಫ್ಲಕ್ಸ್ ತಂದದ್ದು ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಲ್ಯಾಮಿಂಗ್ಟನ್ ರೋಡಿನಿಂದ. ರಸ್ತೆಯ ಈಗಿನ ಹೆಸರು ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ. ಆ ಹೆಸರು ಹೇಳಿದರೆ ಟ್ಯಾಕ್ಸಿಯವನೂ ತಲೆ ಕೆರೆದುಕೊಳ್ಳುತ್ತಾನೆ. ಕೀಲಿಗೊಂದರಂತೆ ಡಯೋಡ್, ಪ್ರತಿಯೊಂದರ ಕಪ್ಪು ಗೆರೆಯೂ ಸರಿಯಾದ ದಿಕ್ಕಿಗಿರಬೇಕು. ಒಂದು ಭಾನುವಾರ ಊಟದ ಮೇಜು ನನ್ನದಾಯಿತು, ಮನೆಯವರ ಊಟ ಚಾಪೆಗೆ ಇಳಿಯಿತು.

ಇಲ್ಲಿಯವರೆಗಿನದು ಜಗತ್ತಿನ ಎಲ್ಲ ಕೀಬೋರ್ಡ್ ಹುಚ್ಚರ ಕತೆ. ಅಸಲು ಪ್ರಶ್ನೆ ಕನ್ನಡದ್ದು. 26 ಅಕ್ಷರದ ಇಂಗ್ಲಿಷಿಗೆ 36 ಕೀಲಿ ಧಾರಾಳ. ನಮ್ಮದು 49 ಅಕ್ಷರದ ವರ್ಣಮಾಲೆ, ಮೇಲೆ ಗುಣಿತ, ಒತ್ತಕ್ಷರ. ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು ಇಲ್ಲಿ ಕೂರಿಸಲು ಹೊರಟರೆ ಬಲಗಡೆಯ ಬ್ರಾಕೆಟ್ಟಿನ ಕೀಲಿಯೇ ಇಲ್ಲ, ಅದರಲ್ಲಿರುವುದು 'ಡ'. ಅಂದರೆ 'ಕನ್ನಡ' ಎಂದು ಬರೆಯಲಾಗದ ಕನ್ನಡ ಕೀಬೋರ್ಡ್!

ಕೈಹಿಡಿದದ್ದು ಕೆ.ಪಿ. ರಾವ್ ಅವರ ವಿನ್ಯಾಸ. 1940ರಲ್ಲಿ ಮಂಗಳೂರಿನ ಹತ್ತಿರದ ಕಿನ್ನಿಕಂಬಳದಲ್ಲಿ ಹುಟ್ಟಿದ ರಾಯರು ನಮ್ಮ ಮುಂಬಯಿಯಲ್ಲೇ, ಟಾಟಾ ಪ್ರೆಸ್ಸಿನಲ್ಲಿ ದುಡಿದವರು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು 'ಸೇಡಿಯಾಪು' ಎಂಬ ಕನ್ನಡ ತಂತ್ರಾಂಶ ಮಾಡಿ ಜನರಿಗೆ ಉಚಿತವಾಗಿ ಕೊಟ್ಟರು. ಅವರ ಕೀಲಿ ವಿನ್ಯಾಸವೇ ಮುಂದೆ ಕರ್ನಾಟಕ ಸರ್ಕಾರದ ಅಧಿಕೃತ ವಿನ್ಯಾಸಕ್ಕೆ ಆಧಾರವಾಯಿತು. ನುಡಿಯಲ್ಲಿ ನಾವೆಲ್ಲ ಒತ್ತಿದ್ದು ಅದನ್ನೇ. ಅಕ್ಷರಗಳಿಗೆ ಅವರು 26 ಕೀಲಿ ಬಿಟ್ಟು ಹೊರಗೆ ಕಾಲಿಡಲಿಲ್ಲ. ಶಿಫ್ಟ್ ಸೇರಿದರೆ 52 ಜಾಗ. ಸ್ವರದ ಕೀಲಿ ವ್ಯಂಜನದ ನಂತರ ಬಂದರೆ ಗುಣಿತ ಚಿಹ್ನೆ, ಒಂಟಿಯಾಗಿ ಬಂದರೆ ಸ್ವರ. ಒತ್ತಕ್ಷರಕ್ಕೆ ಎಫ್. ಕನ್ನಡಕ್ಕೆ ಎಫ್ ಧ್ವನಿ ಬೇಕಿಲ್ಲವಲ್ಲ, ಎಡ ತೋರುಬೆರಳಿನ ಕೆಳಗಿರುವ ಆ ಬಂಗಾರದಂಥ ಜಾಗವನ್ನು ಒತ್ತಿಗೆ ಕೊಟ್ಟುಬಿಟ್ಟರು. 'ಕನ್ನಡ' ಬರೆಯಲು ಐದೇ ಒತ್ತು: ಕೆ, ಎನ್, ಎಫ್, ಎನ್, ಡಬ್ಲ್ಯೂ. ಇಂಗ್ಲಿಷ್ ಲಿಪಿಯಲ್ಲಿ ಅದೇ ಪದಕ್ಕೆ ಏಳು ಬೇಕು. ಹೊರಗಿನವರು ಈಗ ಸಾಹಸವೆಂಬಂತೆ ಮಾಡುವ ಕೀಲಿ ಮಿತವ್ಯಯವನ್ನು ರಾಯರು ಸದ್ದಿಲ್ಲದೆ ಮಾಡಿ ಮುಗಿಸಿದ್ದರು.

ಆದರೆ ಹೊರಗಿನವರ ಎಲ್ಲ ಉಪಾಯ ನಮಗೆ ಹೊಂದುವುದಿಲ್ಲ. ಅವರಲ್ಲಿ ಬಹಳ ಮಂದಿ ಶಿಫ್ಟ್, ಕಂಟ್ರೋಲ್‌ಗಳನ್ನು ನಡುಸಾಲಿನ ಅಕ್ಷರಗಳಲ್ಲೇ ಅಡಗಿಸುತ್ತಾರೆ: ತಟ್ಟಿದರೆ ಅಕ್ಷರ, ಹಿಡಿದರೆ ಶಿಫ್ಟ್. ಶಿಫ್ಟಿಗೆ ಸಿಗುವ ಜಾಗ ಸಾಮಾನ್ಯವಾಗಿ ಎಫ್ ಮತ್ತು ಜೆ. ತಟ್ಟಿದ್ದೋ ಹಿಡಿದದ್ದೋ ಎಂದು ತೀರ್ಮಾನಿಸಲು ಯಂತ್ರ ಕಾಯುವುದು ಸುಮಾರು 200 ಮಿಲಿಸೆಕೆಂಡು. ಇಂಗ್ಲಿಷಿನಲ್ಲಿ ಎಫ್ ಅಪರೂಪ, ಶಿಫ್ಟೂ ಅಪರೂಪ, ನಡೆದುಹೋಗುತ್ತದೆ. ಕನ್ನಡದಲ್ಲಿ ಒತ್ತಕ್ಷರವಿಲ್ಲದ ಸಾಲು ಎಲ್ಲಿದೆ? ಎಫ್ ಮೇಲಿನ ಬೆರಳು ಒಂದು ಚೂರು ತಡವಾಗಿ ಎದ್ದರೆ 'ಅಕ್ಕ' ಹೋಗಿ 'ಅಕಖ' ಆಗುತ್ತಾಳೆ, 'ಅಮ್ಮ' 'ಅಮಂ' ಆಗುತ್ತಾಳೆ. ಇನ್ನು ಶಿಫ್ಟ್. ದೀರ್ಘ ಸ್ವರ, ಅನುಸ್ವಾರ, ಮಹಾಪ್ರಾಣ, ಣ, ಳ ಎಲ್ಲಕ್ಕೂ ಅದು ಬೇಕು. 'ಥಾಣೆ' ಎಂದು ಬರೆಯಿರಿ, ನಾಲ್ಕು ಒತ್ತಿನಲ್ಲಿ ಮೂರಕ್ಕೆ ಶಿಫ್ಟ್! ಅದಕ್ಕೇ ನನ್ನ ಎಫ್ ಬರೀ ಎಫ್. ಶಿಫ್ಟನ್ನು ಎಡ ಹೆಬ್ಬೆರಳಿಗೆ ತಂದೆ. ಹಿಡಿದಿರಬೇಕಿಲ್ಲ, ಒಮ್ಮೆ ತಟ್ಟಿ ಬಿಟ್ಟರೆ ಮುಂದಿನ ಅಕ್ಷರಕ್ಕೆ ತಾನಾಗಿ ಅಂಟುತ್ತದೆ.

ಕ್ವೆರ್ಟಿ ಬಿಟ್ಟು ಕೋಲ್‌ಮ್ಯಾಕ್ ಕಲಿ ಎಂದು ಆಫೀಸಿನ ಗೆಳೆಯನೊಬ್ಬ ಇನ್ನೂ ಹೇಳುತ್ತಿರುತ್ತಾನೆ. ಇಂಗ್ಲಿಷಿಗೆ ಅದು ಒಳ್ಳೆಯದೇ. ಅದರಲ್ಲಿ ಎಫ್ ಮೇಲಿನ ಸಾಲಿಗೆ, ಈಗ ಇ ಇರುವ ಜಾಗಕ್ಕೆ ಹತ್ತುತ್ತದೆ. ನಮ್ಮ ಒತ್ತಕ್ಷರವೂ ಅದರ ಜೊತೆ ಹತ್ತುತ್ತದೆ. ಪ್ರತಿ ಒತ್ತಿಗೂ ಬೆರಳು ಮೆಟ್ಟಿಲೇರಬೇಕು. ನಾನು ಒಪ್ಪಿಲ್ಲ. 'ಸಾಫ್ಟ್‌ವೇರ್' ಥರದ ಪದಗಳಲ್ಲಿ ಟ್ ಮತ್ತು ವೇ ಅಂಟದಂತೆ ನಡುವೆ ಕಾಣದ ಅಕ್ಷರವೊಂದು ಬೇಕಲ್ಲ, ಅದಕ್ಕೆ ಎರಡು ಕೀಲಿ ಒಟ್ಟಿಗೆ ಒತ್ತುವ ಏರ್ಪಾಡು ಮಾಡಿಕೊಂಡೆ. ನನ್ನ ಕಸುಬಿನವರಿಗೆ ಅದು ದಿನಕ್ಕೆ ಹತ್ತು ಸಲ ಬೇಕಾಗುತ್ತದೆ.

ಎರಡನೆಯ ಜೋಡಿಯನ್ನು ಕಟ್ಟಿದ್ದು ನಮ್ಮ ಕಟ್ಟಡದ ಮಾಮನಿಗೆ. ವಯಸ್ಸು 74. ಹನ್ನೆರಡನೆಯ ವಯಸ್ಸಿಗೆ ಉಡುಪಿ ಕಡೆಯಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು, ಬ್ಯಾಂಕಿನಲ್ಲಿ ನಿವೃತ್ತರಾದವರು. ಆ ಶಾಲೆಯ ದಿನಗಳನ್ನು ಬರೆಯಲು ಶುರುಮಾಡಿದ್ದರು. ಗಂಟು ನೋವಿಗೆ ಕಿರುಬೆರಳು ಮಡಚಿಕೊಂಡು, ಶಿಫ್ಟ್ ಹಿಡಿಯಲಾಗದೆ, ಹನ್ನೆರಡನೇ ಪುಟಕ್ಕೆ ನಿಲ್ಲಿಸಿದ್ದರು. ಫೋನಿಗೆ ಹೇಳಿ ಬರೆಸಿ ಎಂದು ಮೊಮ್ಮಗ ಕೊಟ್ಟರೆ, ಅದು ಅವರ ಕರಾವಳಿ ಕನ್ನಡವನ್ನು ಕೇಳಿ ಬೇರೇನೋ ಬರೆಯಿತಂತೆ.

ಕೀಬೋರ್ಡ್ ತಂದಿಟ್ಟಾಗ ಅವರು ಮೊದಲು ಕೇಳಿದ್ದು, "ಇದೆಂಥದ್ದು ಮಾರಾಯ, ಅಂಕಿಯೇ ಇಲ್ಲ?"

"ಹೆಬ್ಬೆರಳಿನ ಕೀಲಿ ಒತ್ತಿ ಹಿಡ್ಕೊಳ್ಳಿ ಮಾಮ, ಮೇಲಿನ ಸಾಲು ಅಂಕಿ ಆಗ್ತದೆ."

"ಒತ್ತಿ ಹಿಡಿಯುವುದೇ ಆಗುವುದಿಲ್ಲ ಅಂತಲ್ವಾ ನಿನ್ನನ್ನು ಕರೆದದ್ದು!"

ಅಂಕಿಯನ್ನೂ ತಟ್ಟಿ ಬಿಡುವ ಹಾಗೆ ಬದಲಿಸಿಕೊಟ್ಟೆ. ತಟ್ಟಿ, ಆ, ತಟ್ಟಿ, ಣ. ಎರಡು ವಾರ ಗೊಣಗಿದರು. ಅಕ್ಷರಗಳ ಜಾಗ ಮಾತ್ರ ಅವರಿಗೆ ಹೇಳಿಕೊಡಬೇಕಾಗಲೇ ಇಲ್ಲ, ಸೇಡಿಯಾಪು ಕಾಲದಿಂದ ಬೆರಳಲ್ಲೇ ಇತ್ತು. ಈಗ ಬರಹ ನಲವತ್ತು ಪುಟ ದಾಟಿ 1967ಕ್ಕೆ ಬಂದು ನಿಂತಿದೆ, ಮೆಟ್ರಿಕ್ ಪರೀಕ್ಷೆ ಇನ್ನೂ ಆಗಿಲ್ಲ. ಇಸವಿ ಬಂದಾಗ ಮಾತ್ರ ಪಕ್ಕದಲ್ಲಿ ಸಿಕ್ಕಿಸಿಟ್ಟಿರುವ ಹಳೆಯ ಕೀಬೋರ್ಡನ್ನು ಎಳೆದುಕೊಂಡು, ಅಂಕಿ ಒತ್ತಿ, ಮತ್ತೆ ಆಚೆ ತಳ್ಳುತ್ತಾರೆ.