ಸೆಕೆಗಾಲದ ಸ್ವೆಟರು

ನಮ್ಮ ಕಡೆ ಬೇಸಿಗೆಯೆಂಬುದು ತನಗೋಸ್ಕರ ಬರುವ ಕಾಲವೇ ಅಲ್ಲ. ಮಳೆಗಾಲದ ತಯಾರಿಗೆಂದು ದೇವರು ಕೊಟ್ಟ ಮೂರು ತಿಂಗಳ ಗಡುವು ಅದು. ಸೌದೆ ಒಣಗಿಸು, ತೆಂಗಿನ ಮಡಲು ಕಟ್ಟಿಡು, ಹಲಸಿನಕಾಯಿ ಹಪ್ಪಳ ತಟ್ಟು, ಸೊಳೆ ಉಪ್ಪಿಗೆ ಹಾಕು, ಮಾವಿನ ಮಿಡಿ ಭರಣಿಗೆ ತುಂಬು, ಪುನರ್ಪುಳಿ ಸಿಪ್ಪೆ ಒಣಗಿಸು... ಜೂನಿನಲ್ಲಿ ಒಮ್ಮೆ ಮಳೆ ಹಿಡಿಯಿತೆಂದರೆ ಒಂದು ಒದ್ದೆ ಲಂಗ ಒಣಗಲು ಮೂರು ದಿನ ಬೇಕು. ಹಾಗಾಗಿ ಬಿಸಿಲು ಕಂಡರೆ ಸಾಕು, ಏನನ್ನಾದರೂ ತಂದು ಅಂಗಳಕ್ಕೆ ಹರವದಿದ್ದರೆ ನಮ್ಮ ಹೆಂಗಸರಿಗೆ ನಿದ್ದೆ ಬರುವುದಿಲ್ಲ.

ಹಪ್ಪಳ ಸಂಡಿಗೆಯ ಬಗ್ಗೆ ಬರೆಯದ ಲೇಖಕಿ ಬಹುಶಃ ಯಾರೂ ಇಲ್ಲ. ನಾನೂ ಅದನ್ನೇ ಬರೆದರೆ ನಿಮಗೆ ಆಕಳಿಕೆ ಬಂದೀತು. ನಾನು ಹೇಳಹೊರಟದ್ದು ಹಪ್ಪಳ ಬಿಸಿಲಿಗೆ ಹಾಕಿಯಾದ ಮೇಲೆ, ಊಟ ಮುಗಿದು, ಗಂಡಸರು ಚಾವಡಿಯಲ್ಲಿ ಗೊರಕೆ ಹೊಡೆಯತೊಡಗಿದ ಮೇಲೆ ಸಿಗುವ ಎರಡು ಎರಡೂವರೆ ಗಂಟೆಗಳ ಬಗ್ಗೆ. ಆ ಹೊತ್ತು ಯಾರ ಲೆಕ್ಕದಲ್ಲೂ ಇರುವುದಿಲ್ಲ ನೋಡಿ.

ನಾನು ಮದುವೆಯಾಗಿ ಕುಂದಾಪುರ ಪೇಟೆಯಿಂದ ವಂಡ್ಸೆಗೆ ಬಂದದ್ದು 1986ರ ಏಪ್ರಿಲ್‌ನಲ್ಲಿ. ಹೆಮ್ಮಾಡಿಯಲ್ಲಿ ಹೆದ್ದಾರಿ ಬಿಟ್ಟು ಕೊಲ್ಲೂರಿನ ದಾರಿ ಹಿಡಿದರೆ ಸಿಗುವ ಊರು. ಬಸ್ಸಿನಲ್ಲಿ ಕೊಲ್ಲೂರು ಮೂಕಾಂಬಿಕೆಗೆ ಹೋಗುವವರು ಕಿಟಕಿಯಿಂದ ನಮ್ಮ ಪೇಟೆಯನ್ನು ನೋಡಿರುತ್ತಾರೆ, ಇಳಿದಿರುವುದಿಲ್ಲ. ಪಕ್ಕದಲ್ಲೇ ಚಕ್ರಾ ನದಿ. ಮುಂದೆ ಹೋಗಿ ಸೌಪರ್ಣಿಕೆ, ವಾರಾಹಿಯರ ಜೊತೆ ಗಂಗೊಳ್ಳಿಯಲ್ಲಿ ಸಮುದ್ರ ಸೇರುವ ಐದು ಹೊಳೆಗಳಲ್ಲಿ ಇದೂ ಒಂದು. ಹೊಳೆ ಇದ್ದ ಮಾತ್ರಕ್ಕೆ ತಂಪು ಎಂದುಕೊಳ್ಳಬೇಡಿ. ಮಧ್ಯಾಹ್ನ ಎರಡು ಗಂಟೆಗೆ ಗಾಳಿ ಸತ್ತು ಬಿದ್ದಿರುತ್ತದೆ. ಉಟ್ಟ ಸೀರೆಯೇ ಭಾರ.

ಅಂಥ ಸೆಕೆಯಲ್ಲಿ, ಮದುವೆಯಾದ ಎರಡನೆಯ ವಾರ, ಹಿಂದಿನ ಜಗಲಿಗೆ ಬಂದು ನೋಡುತ್ತೇನೆ, ನನ್ನ ಅತ್ತೆ ಗೋಡೆಗೆ ಒರಗಿ ಕುಳಿತು ಉಲ್ಲನ್ ಸ್ವೆಟರು ಹೆಣೆಯುತ್ತಿದ್ದಾರೆ! ಹತ್ತನೆಯ ನಂಬರಿನ ಎರಡು ಕಡ್ಡಿ, ಮಡಿಲಲ್ಲಿ ನೀಲಿ ಉಲ್ಲನ್ ಉಂಡೆ, ಹಣೆಯಿಂದ ಬೆವರು ಇಳಿದು ಉಲ್ಲನ್‌ಗೆ ಬೀಳದಂತೆ ಹೆಗಲ ಮೇಲೆ ಒಂದು ಬೈರಾಸು. ಜನ್ಮದಲ್ಲಿ ವಂಡ್ಸೆಯಲ್ಲಿ ಯಾರೂ ಸ್ವೆಟರು ಹಾಕಿದ್ದು ನಾನು ಕಂಡಿಲ್ಲ. ಕೇಳುವ ಧೈರ್ಯ ಹೊಸ ಸೊಸೆಗೆಲ್ಲಿ? ನೆರೆಮನೆಯಾಕೆಯೇ ಕೇಳಿದರು, “ಅಮ್ಮಾ, ಈ ಸೆಕಿಗೆ ಸ್ವೆಟರ್ ಯಾರಿಗೆ?”

“ಯಾರಿಗೂ ಅಲ್ಲ ಮರಾಯ್ತಿ, ಕೈಗೆ” ಎಂದರು ಅತ್ತೆ. ಮತ್ತೆ ಒಂದು ಸೀದಾ, ಒಂದು ಉಲ್ಟಾ.

ಈ ಕೈಗೆ ಹೆಣೆದ ಸ್ವೆಟರುಗಳಿಗೆ ಗಿರಾಕಿಗಳಿಲ್ಲವೆಂದಲ್ಲ. ಒಂದು, ಬೆಂಗಳೂರಿನ ಹೋಟೆಲಿನಲ್ಲಿ ಕ್ಯಾಷಿಗೆ ಕೂರುತ್ತಿದ್ದ ಮೈದುನನ ಮಗನಿಗೆ ಹೋಯಿತು. ಇನ್ನೊಂದು ಬೊಂಬಾಯಿಗೆ ಹೋಯಿತು. ಅಲ್ಲಿ ಅದನ್ನು ಹಾಕುವ ಚಳಿ ಬರಲಿಲ್ಲ, ಮಗು ದೊಡ್ಡದಾಯಿತು, ಸ್ವೆಟರು ಹಾಗೆಯೇ ವಾಪಸು ಬಂತು. ಅತ್ತೆ ಅದನ್ನು ಬಿಚ್ಚಿ, ಉಲ್ಲನ್ ತೊಳೆದು, ಉಂಡೆ ಸುತ್ತಿ, ಮತ್ತೊಂದು ಶುರು ಮಾಡಿದರು. ಬೇಸರವೇ ಇಲ್ಲ! ಆಷಾಢದ ಜಡಿಮಳೆಯಲ್ಲಿ ಮಾವ ಮಾತ್ರ ಒಂದು ಕೈಯಿಲ್ಲದ ಸ್ವೆಟರು ತೊಟ್ಟು ಚಾವಡಿಯಲ್ಲಿ ರಾಜಗಾಂಭೀರ್ಯದಿಂದ ಕೂರುತ್ತಿದ್ದರು.

ಅತ್ತೆಯ ಹೆಣಿಗೆಯ ಗುಟ್ಟು ನನಗೆ ತಿಳಿಯಲು ಒಂದು ಬೇಸಿಗೆ ಪೂರಾ ಬೇಕಾಯಿತು. ಹೆಣೆಯುವಾಗ ಕುಣಿಕೆ ಎಣಿಸಬೇಕಲ್ಲ, ಎಣಿಸುವವರನ್ನು ಯಾರೂ ಮಾತನಾಡಿಸುವಂತಿಲ್ಲ. ಮದುವೆಯಾದಂದಿನಿಂದ ಆ ಮನೆಯಲ್ಲಿ ಅವರನ್ನು ಕರೆಯಬಾರದ ಹೊತ್ತು ಎರಡೇ: ದೇವರ ಮುಂದೆ ಕುಳಿತಾಗ, ಕುಣಿಕೆ ಎಣಿಸುವಾಗ. ಚಾವಡಿಯಿಂದ ಮಾವ “ಚಾ ಆಯ್ತಾ?” ಎಂದು ಕೂಗಿದರೆ ಅತ್ತೆ ಉತ್ತರ ಕೊಡುತ್ತಿರಲಿಲ್ಲ. “ನಲವತ್ತೆರಡು... ನಲವತ್ಮೂರು...” ಎಂದು ಎಣಿಕೆಯನ್ನೇ ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದ್ದರು. ಮಾವ ಸುಮ್ಮನಾಗುತ್ತಿದ್ದರು. ಎಷ್ಟೋ ಸಲ ಆ ಸಾಲಿನಲ್ಲಿ ಮೂವತ್ತಕ್ಕಿಂತ ಹೆಚ್ಚು ಕುಣಿಕೆ ಇರಲೇ ಇಲ್ಲ ಎಂಬುದು ನನಗೆ ಗೊತ್ತು!

ನಾಲ್ಕು ಗಂಟೆಗೆ ಚಾ. ಪೇಟೆಯವರು ಟೀ ಅನ್ನುತ್ತಾರೆ, ನಮಗೆ ಅದು ಚಾ. ಒಲೆಯ ಮೇಲೆ ನೀರು ಕುದಿಯುವ ಹೊತ್ತಿಗೆ ಸರಿಯಾಗಿ ನಾಲ್ಕೈದು ಮನೆಯವರು ಹಿಂದಿನ ಜಗಲಿಗೆ ಬಂದು ಸೇರುತ್ತಿದ್ದರು, ಕೈಯಲ್ಲಿ ಏನಾದರೊಂದು ಹಿಡಿದು. ಒಬ್ಬರಿಗೆ ಸೀರೆಯ ಫಾಲ್ಸು, ಒಬ್ಬರಿಗೆ ಪ್ಲಾಸ್ಟಿಕ್ ವೈರಿನ ಬುಟ್ಟಿ, ಇನ್ನೊಬ್ಬರಿಗೆ ಕ್ರೋಷಾದ ಟೀವಿ ಕವರು. ಟೀವಿ ಆ ಮನೆಗೆ ಬಂದದ್ದು ಕವರು ಮುಗಿದು ನಾಲ್ಕು ವರ್ಷದ ಮೇಲೆ, ಆ ಮಾತು ಬೇರೆ.

ತಿಂಡಿಯ ವಿಷಯದಲ್ಲಿ ನನಗೂ ಅತ್ತೆಗೂ ಒಂದು ಸಣ್ಣ ಪೈಪೋಟಿ ಇತ್ತು. ನಾನು ತವರಿನಿಂದ ದುಂಡನೆಯ ಅಲ್ಯೂಮಿನಿಯಂ ಕರೆಂಟ್ ಓವನ್ ತಂದಿದ್ದೆ, ಮುಚ್ಚಳದಲ್ಲಿ ಗಾಜಿನ ಕಿಂಡಿ ಇರುವಂಥದ್ದು. ಅತ್ತೆಯ ಕೈಯಲ್ಲಿ ಕೆಂಡದಡ್ಯೆ ಇತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನೆನೆಸಿದ ಅಕ್ಕಿಯನ್ನು ತರಿತರಿಯಾಗಿ ಕಡೆದು, ತುರಿದ ಸೌತೆಕಾಯಿ, ತೆಂಗಿನತುರಿ, ಬೆಲ್ಲ, ಏಲಕ್ಕಿ ಸೇರಿಸಿ, ಬಾಳೆಲೆ ಹಾಸಿದ ದಪ್ಪ ತಳದ ಪಾತ್ರೆಗೆ ಹೊಯ್ಯಬೇಕು. ಅಡಿಯಲ್ಲಿ ಸಣ್ಣ ಕೆಂಡ, ಮುಚ್ಚಳದ ಮೇಲೂ ಕೆಂಡ. ಅವಸರ ಮಾಡಿದರೆ ಮೇಲೆ ಕರಿ, ಒಳಗೆ ಹಸಿ. ನಿಧಾನಕ್ಕೆ ಬಿಟ್ಟರೆ ಬಾಳೆಲೆಯ ಪರಿಮಳದೊಂದಿಗೆ ಕಂದು ಬಣ್ಣಕ್ಕೆ ತಿರುಗಿ, ಅಂಚು ಗರಿಗರಿಯಾಗಿ ಏಳುತ್ತದೆ. ಗದ್ದೆಯಲ್ಲಿ ಬೆಳೆದ ಸೌತೆ ಮನೆ ತುಂಬ ಬಿದ್ದಿರುವ ಕಾಲಕ್ಕೆ ಅದಕ್ಕಿಂತ ಒಳ್ಳೆಯ ಉಪಾಯ ಇನ್ನಾವುದಿದೆ?

ಒಂದು ಮೇ ತಿಂಗಳಲ್ಲಿ ನನ್ನ ಕೇಕು ಅರ್ಧ ಉಬ್ಬಿದಾಗ ಕರೆಂಟು ಹೋಯಿತು. ಗಾಜಿನ ಕಿಂಡಿಯಿಂದ ನೋಡನೋಡುತ್ತಿದ್ದಂತೆ ನಡು ಕುಸಿಯತೊಡಗಿತು. ಜಗಲಿಯಲ್ಲಿ ಆರು ಜನ ಕಾದಿದ್ದಾರೆ. ಅತ್ತೆ ಕಡ್ಡಿ ಕೆಳಗಿಟ್ಟು ಎದ್ದು ಬಂದರು. ಕೇಕಿನ ತಟ್ಟೆಯನ್ನು ಎತ್ತಿ ತಮ್ಮ ಪಾತ್ರೆಯೊಳಗಿಟ್ಟು, ಗೆರಟೆಯ ಕೆಂಡವನ್ನು ಮೇಲೆ ಕೆಳಗೆ ಹರಡಿ, “ಮುಕ್ಕಾಲ್ ಗಂಟೆ ಮುಟ್ಬೇಡ” ಎಂದರು. ಆ ದಿನ ತಿಂದ ವೆನಿಲ್ಲಾ ಕೇಕಿಗೆ ತೆಂಗಿನ ಗೆರಟೆಯ ಹೊಗೆಯ ವಾಸನೆ ಇತ್ತು. ಬಂದವರೆಲ್ಲ ಎರಡೆರಡು ಸಲ ಹಾಕಿಸಿಕೊಂಡರು. ಆಮೇಲೆ ಕರೆಂಟು ಇದ್ದಾಗಲೂ ಹಾಗೆಯೇ ಮಾಡು ಎಂದು ಜನ ಒತ್ತಾಯಿಸುತ್ತಿದ್ದದ್ದು ನನ್ನ ಓವನಿಗೆ ಸ್ವಲ್ಪ ಅವಮಾನವೇ.

ಈ ಜಗಲಿಗೆ ಬರುವವರಲ್ಲಿ ಎಲ್ಲರೂ ಹೊತ್ತು ಕಳೆಯಲು ಬರುವವರಲ್ಲ. ಹಿಂದಿನ ಹಿತ್ತಲಿನಾಚೆ ಒಬ್ಬರಿದ್ದರು. ಊರಿಗೆಲ್ಲ ಅವರು ‘ಮಿಷನ್ ಅಕ್ಕ’. ಗಂಡ ಬೊಂಬಾಯಿಗೆ ಹೋಗಿ ಮೊದಲು ತಿಂಗಳಿಗೊಂದು ಮನಿಯಾರ್ಡರು, ಆಮೇಲೆ ಹಬ್ಬಕ್ಕೊಂದು, ಆಮೇಲೆ ಅದೂ ಇಲ್ಲ. ಇಬ್ಬರು ಹೆಣ್ಣುಮಕ್ಕಳು. ತಾಯಿ ಮನೆಯವರು ಕೊಟ್ಟ ಒಂದು ಕಾಲುತುಳಿತದ ಉಷಾ ಮಿಷನ್ ಬಿಟ್ಟರೆ ಅಕ್ಕನಿಗೆ ಬೇರೆ ಆಸ್ತಿ ಇರಲಿಲ್ಲ. ನಮ್ಮ ಕಡೆ ಹಾಗೆ ಉಳಿದುಹೋದ ಹೆಂಗಸರು ಬೀಡಿ ಕಟ್ಟುವುದು ವಾಡಿಕೆ. ಎಲೆ ಕತ್ತರಿಸಿ, ಹೊಗೆಸೊಪ್ಪಿನ ಧೂಳು ಕುಡಿದು, ಸಾವಿರದ ಲೆಕ್ಕದಲ್ಲಿ ಕಟ್ಟಿ ಕೊಡುವ ಕೆಲಸ. ಅಕ್ಕ ಅದಕ್ಕೆ ಹೋಗಲಿಲ್ಲ. ಆಗ ರವಕೆಗೆ ಹತ್ತು ರೂಪಾಯಿ. ವರ್ಷವಿಡೀ ಹೊಲಿದರೂ ಅವರ ಸಂಸಾರ ನಿಂತದ್ದು ಮೇ ತಿಂಗಳ ಮೇಲೆ, ಅಂದರೆ ಶಾಲೆಯ ಯೂನಿಫಾರ್ಮಿನ ಮೇಲೆ. ಅದರ ದುಡ್ಡಿನಲ್ಲೇ ಮಕ್ಕಳ ಪುಸ್ತಕ, ಕೊಡೆ, ಮಳೆಗಾಲದ ಅಕ್ಕಿ.

ಗಾಂಧೀಜಿಯವರಿಗೆ ಯಂತ್ರಗಳೆಂದರೆ ಅಷ್ಟಕ್ಕಷ್ಟೇ ಎಂದು ಎಲ್ಲರಿಗೂ ಗೊತ್ತು. ಆದರೆ 1924ರಲ್ಲಿ ಅವರು ಸಿಂಗರ್ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟರು. ಹೆಂಡತಿ ಕೈಹೊಲಿಗೆಯಲ್ಲಿ ಸವೆಯುವುದನ್ನು ನೋಡಲಾರದೆ ಗಂಡ ಪ್ರೀತಿಯಿಂದ ಮಾಡಿದ ಯಂತ್ರ ಎಂಬುದು ಅವರು ಕೊಟ್ಟ ಕಾರಣ. ಈ ಸಿಂಗರ್ ಮಹಾಶಯ ಅಮೆರಿಕದಲ್ಲಿ ತನ್ನ ಯಂತ್ರಕ್ಕೆ ಹಕ್ಕುಪತ್ರ ಪಡೆದದ್ದು 1851ರಲ್ಲಿ. ಅವನ ಸಂಸಾರದ ಕಥೆ ಓದಿದರೆ ಒಂದಕ್ಕಿಂತ ಹೆಚ್ಚು ಮನೆ, ಇಪ್ಪತ್ತಕ್ಕೂ ಮಿಕ್ಕಿ ಮಕ್ಕಳು! ಅಕ್ಕನಿಗೆ ಇದನ್ನು ಹೇಳಿದಾಗ ಅವರು ದಾರ ಪೋಣಿಸುತ್ತ, “ಹೋಗ್ಲಿ, ಮಿಷನ್ ಆದ್ರೂ ಮಾಡಿ ಇಟ್ಟಿದ್ನಲ್ದಾ” ಎಂದರು. ನಾವು ನಗಬೇಕೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಕ್ಕನೇ ಮೊದಲು ನಕ್ಕರು.

1998ರ ಬೇಸಿಗೆಯಲ್ಲಿ ಪೇಟೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯವರು, ಇನ್ನು ಮೇಲೆ ಹೊಲಿದ ಯೂನಿಫಾರ್ಮನ್ನು ಶಾಲೆಯಲ್ಲೇ ಕೊಳ್ಳಬೇಕು, ಹೊರಗೆ ಹೊಲಿಸಿದ್ದು ನಡೆಯುವುದಿಲ್ಲ ಎಂದುಬಿಟ್ಟರು. ಒಂದೇ ಏಟಿಗೆ ಅಕ್ಕನ ಅರವತ್ತು ಜೊತೆ ಬಟ್ಟೆ ಹೋಯಿತು. ದೊಡ್ಡ ಮಗಳದ್ದು ಆಗಷ್ಟೇ ಎಸ್ಸೆಸ್ಸೆಲ್ಸಿ ಮುಗಿದಿತ್ತು, ಕಾಲೇಜಿಗೆ ಕಳಿಸಬೇಕಿತ್ತು. ಆ ದಿನ ಅಕ್ಕ ಜಗಲಿಗೆ ಬಂದು ಚಾ ಮುಟ್ಟದೆ ಕುಳಿತರು. “ಬೀಡಿ ಎಲೆ ತಪ್ಪುಕೆ ಹೇಳಿ ಬಂದಿದ್ದೆ” ಎಂದಷ್ಟೇ ಅಂದರು. ಯಾರಿಗೂ ಮಾತು ಹೊರಡಲಿಲ್ಲ. ಅಂಥ ಹೊತ್ತಿನಲ್ಲಿ ಸಮಾಧಾನ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸದ್ಯ, ಅಲ್ಲಿ ಯಾರೂ ಹೇಳಲಿಲ್ಲ.

ಅತ್ತೆ ಆ ಸಾಲು ಮುಗಿಸಿ, ಕಡ್ಡಿ ಬದಿಗಿಟ್ಟು ಒಳಗೆ ಹೋದರು. ಟ್ರಂಕಿನಿಂದ ಹನ್ನೆರಡು ಹಳೆಯ ವಾಯಿಲ್ ಸೀರೆ ತಂದು ಅಕ್ಕನ ಮುಂದೆ ಹಾಕಿದರು. “ಮಳೆಗಾಲಕ್ಕೆ ಹೊದಿಕೆ ಆಯ್ಕ್. ನಾಲ್ಕ್ ಮಡಿಕೆ, ಅಂಚಿಗೆ ಪಟ್ಟಿ. ಮಜೂರಿ ಎಷ್ಟಾತ್ ಹೇಳ್.” ಅತ್ತೆ ಹಳೆಯ ಸೀರೆಯನ್ನು ಕೈಯಲ್ಲೇ ಹೊಲಿದು ಹೊದಿಕೆ ಮಾಡುವವರೆಂದು ಎಲ್ಲರಿಗೂ ಗೊತ್ತಿತ್ತು. ಅಕ್ಕನಿಗೂ ಗೊತ್ತಿತ್ತು. ಆದರೆ ಅತ್ತೆ ಮಜೂರಿಯಲ್ಲಿ ಎರಡು ರೂಪಾಯಿ ಚೌಕಾಸಿ ಮಾಡಿದರು ನೋಡಿ, ಅದರಿಂದ ಅದು ವ್ಯವಹಾರವಾಯಿತು, ದಾನವಾಗಲಿಲ್ಲ. ಮರುದಿನ ಉಳಿದ ಮನೆಗಳಿಂದಲೂ ಸೀರೆಯ ಗಂಟುಗಳು ಹೊರಟವು. ಆ ಮಳೆಗಾಲದಲ್ಲಿ ನಮ್ಮ ಕೇರಿಯ ಮಕ್ಕಳೆಲ್ಲ ಅಮ್ಮಂದಿರ, ಅಜ್ಜಿಯರ ಸೀರೆ ಹೊದ್ದು ಮಲಗಿದವು.

ಜೂನ್ ಎರಡನೆಯ ವಾರ ಇನ್ನೊಂದು ತಮಾಷೆಯಾಯಿತು. ಶಾಲೆಯಲ್ಲಿ ಕೊಟ್ಟ ರೆಡಿಮೇಡ್ ಯೂನಿಫಾರ್ಮು ಯಾವ ಮಗುವಿಗೂ ಸರಿಯಾಗಿ ಕೂರಲಿಲ್ಲ. ಕುಚ್ಚಲಕ್ಕಿ ಗಂಜಿ ಉಂಡು, ಮೂರು ಮೈಲಿ ನಡೆದು ಬೆಳೆದ ನಮ್ಮ ಮಕ್ಕಳ ಸೊಂಟ ಆ ಕಾರ್ಖಾನೆಯವರಿಗೆ ಹೇಗೆ ಗೊತ್ತಾಗಬೇಕು? ಸೊಂಟ ಹಿಡಿಸಲು, ಅಂಚು ಬಿಡಿಸಲು, ಉದುರಿದ ಹುಕ್ಕು ಹಾಕಿಸಲು ಜನ ಕೊಡೆ ಹಿಡಿದು ಅಕ್ಕನ ಮನೆಯ ಮುಂದೆ ನಿಂತರು. ಒಂದಕ್ಕೆ ಐದು ರೂಪಾಯಿ. ಹೊಸದು ಹೊಲಿದಷ್ಟು ದುಡ್ಡು ಬರಲಿಲ್ಲ, ಆದರೆ ಬೀಡಿ ಎಲೆ ಬರುವುದು ನಿಂತಿತು. ಮಗಳು ಪಿಯುಸಿಗೆ ಸೇರಿದಳು. ಆಮೇಲೆ ನರ್ಸಿಂಗ್ ಓದಿ ಈಗ ಬೆಂಗಳೂರಿನಲ್ಲಿದ್ದಾಳೆ.

ಅತ್ತೆ 2009ರಲ್ಲಿ ಹೋದರು. ಕಣ್ಣಿನ ಪೊರೆ ತೆಗೆಸಿದ ಮೇಲೂ ಹೆಣೆಯುವುದು ಬಿಟ್ಟಿರಲಿಲ್ಲ. ಬೆರಳಿನಿಂದಲೇ ಕುಣಿಕೆ ತಡವಿ ನೋಡುತ್ತಿದ್ದರು. ಅವರ ಕಡ್ಡಿಗಳು ನನ್ನ ಬಳಿ ಇವೆ. ನನ್ನ ಕೈಯ ಬಿಗಿ ಬೇರೆ, ಅವರಷ್ಟು ಸಮವಾಗಿ ಬರುವುದಿಲ್ಲ. ಕುಣಿಕೆ ಎಣಿಸುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದೇನೆ, ಗಟ್ಟಿಯಾಗಿ.

2016ರ ಮಾರ್ಚಿನಲ್ಲಿ ಸರ್ಕಾರ ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದಾಗ ಅಕ್ಕನ ಮನೆಯ ಮೂಲೆಯಲ್ಲಿ ಮೂವತ್ತು ವರ್ಷದಿಂದ ಬಿದ್ದಿದ್ದ ಕಟ್‌ಪೀಸಿನ ಗೋಣಿಗಳಿಗೆ ಜೀವ ಬಂತು. ಕಟ್‌ಪೀಸು ಜೋಡಿಸಿ ಹೊಲಿದ ಬಣ್ಣಬಣ್ಣದ ಚೀಲ ಹಿಡಿದು ನಾವು ಸಂತೆಗೆ ಹೋಗತೊಡಗಿದೆವು. ನನ್ನ ಚೀಲದಲ್ಲಿ ನನ್ನದೇ ಮದುವೆಯ ವರ್ಷದ ರವಕೆಯ ತುಂಡೊಂದು ಇದೆ. ಆಗಿನ ಅಳತೆಗೆ ಹೊಲಿದ ರವಕೆ ಈಗ ಚೀಲಕ್ಕೇ ಸರಿ ಬಿಡಿ!

ಅಕ್ಕನಿಗೆ ಈಗ ಎಪ್ಪತ್ತು ದಾಟಿದೆ. ಮೊಣಕಾಲು ನೋವೆಂದು ಮಗಳು ಮಿಷನ್ನಿಗೆ ಮೋಟಾರು ಹಾಕಿಸಿದ್ದಾಳೆ. ಕರೆಂಟು ಹೋದಾಗ ಬೆಲ್ಟು ಬದಲಿಸಿ ತುಳಿಯುತ್ತಾರೆ. ಸಾಕು, ಮಿಷನ್ ಯಾರಿಗಾದರೂ ಕೊಟ್ಟು ಬೆಂಗಳೂರಿಗೆ ಬಾ ಎಂದು ಮಗಳು ಪ್ರತಿ ಬೇಸಿಗೆಯಲ್ಲೂ ಬಂದು ಹೇಳುತ್ತಾಳೆ. ಈ ವರ್ಷವೂ ಹೇಳಿದಳು, ನಮ್ಮ ಜಗಲಿಯಲ್ಲೇ, ಚಾ ಕುಡಿಯುತ್ತ.

“ಬತ್ತೆ ಮಗಾ, ಈ ಹತ್ತ್ ಯೂನಿಫಾರ್ಮ್ ಮುಗೀಲಿ” ಎಂದರು ಅಕ್ಕ.

ಶಾಲೆ ಶುರುವಾಗಲು ಇನ್ನು ಹದಿನೆಂಟು ದಿನ ಇದೆ. ನಿನ್ನೆ ಸಂಜೆ ನಾನು ಹೋದಾಗ ಎಣಿಸಿದೆ, ಮೂಲೆಯಲ್ಲಿ ಇಪ್ಪತ್ತಮೂರು ಇದ್ದವು.