ಹಿಂದಿನ ಗಾಲಿ ಗುರ್ ಅಂದ್ರೆ

ನಮ್ಮನೆ ಮಾರುತಿ 800ಕ್ಕೆ ಹಿಂದಿನ ಗಾಲಿ ಬೇರಿಂಗ್ ಹಾಕಿಸಿದ ವಿಷಯ ಬರೀತಿದೀನಿ. ಉಪ್ಪಿನಕಾಯಿ ಬಿಟ್ಟು ಇವಳಿಗ್ಯಾಕೆ ಗ್ಯಾರೇಜು ಅಂತ ನಗಬೇಡ್ರಿ. ಕಾರಲ್ಲಿ ಹಿಂದಿನ ಸೀಟು ಯಾವತ್ತಿದ್ರೂ ನಮಗೇ ತಾನೆ? ಹಿಂದಿನ ಗಾಲಿ ಸದ್ದು ಮೊದ್ಲು ನಮ್ಮ ಕಿವಿಗೇ ಬೀಳೋದು.

ಗಾಡಿ 1998ರದ್ದು. ಕಂಪನಿಯೋರು 2014ರಲ್ಲಿ ಈ ಗಾಡಿ ಮಾಡೋದೇ ನಿಲ್ಸಿದ್ರು. ನಮ್ಮ ಮಗನಿಗೆ ಮಾತ್ರ ಇದು ಸ್ಪೋರ್ಟ್ಸ್ ಕಾರು. ಕೆಂಪು ಬಣ್ಣ ಹೊಡ್ಸಿ, ಹಿಂದೆ ಒಂದು ರೆಕ್ಕೆ ಕೂರ್ಸಿ, ಕಂಪನಿ ಗಾಲಿ ತೆಗೆದು ಅಗಲದವು ಹಾಕ್ಸಿದ್ದ. ನೋಡೋಕೆ ಚೆಂದ ಐತೆ, ಸುಳ್ಳು ಹೇಳಬಾರ್ದು. ಆದ್ರೆ ಗಾಲಿ ಹೊರಕ್ಕೆ ಚಾಚಿದಷ್ಟೂ ಬೇರಿಂಗ್ ಮೇಲೆ ಭಾರ ಜಾಸ್ತಿ. ಸಾಲದ್ದಕ್ಕೆ 2022ರಲ್ಲಿ ಮಾರಿಕಣಿವೆ 89 ವರ್ಷ ಆದ್ಮೇಲೆ ಕೋಡಿ ಬಿತ್ತಲ್ಲ, ಆವಾಗ ನೋಡೋಕೆ ಹೋಗಿ ರಸ್ತೆ ಮೇಲೆ ಹರಿಯೋ ನೀರಿಗೇ ಗಾಡಿ ಇಳಿಸಿದ್ದ.

ಹೊಸದುರ್ಗದಿಂದ ಹಿರಿಯೂರಿಗೆ, ಮಗಳ ಮನೆಗೆ ಹೋಗುವಾಗ ಸದ್ದು ಶುರುವಾಯ್ತು. ಕಾಳು ಹಾಕದೆ ಬೀಸೋ ಕಲ್ಲು ತಿರುಗಿಸಿದಂಗೆ ಗುರ್ ಅಂತ. ನಲವತ್ತರಲ್ಲಿ ಸಣ್ಣಗೆ, ಅರವತ್ತು ದಾಟಿದ್ರೆ ಜೋರು. "ಟಯರ್ ಸದ್ದು ಕಣೆ, ಹಳೇ ಗಾಡಿ ಹಂಗೇನೇ" ಅಂದ್ರು ನಮ್ಮನೆಯವ್ರು. ಒಂದ್ಸಲ ನ್ಯೂಟ್ರಲ್ ಮಾಡ್ರಿ ಅಂದೆ. ಇಂಜಿನ್ ಸದ್ದು ಇಳೀತು, ಇದು ಇಳೀಲಿಲ್ಲ. ಎಡಕ್ಕೆ ತಿರುಗಿದಾಗ ಹೆಚ್ಚು, ಬಲಕ್ಕೆ ತಿರುಗಿದಾಗ ಕಮ್ಮಿ. ಎಡಕ್ಕೆ ತಿರುಗಿದ್ರೆ ಭಾರ ಬಲಕ್ಕೆ ವಾಲುತ್ತೆ, ಹಂಗಾಗಿ ಬಲಗಡೆ ಗಾಲೀದೇ ಅಂತ ನನಗೆ ಖಾತ್ರಿಯಾಯ್ತು.

ಮಗಳಿಗೆ ಆಗ ಏಳು ತುಂಬಿತ್ತು. ಇದೇ ಗಾಡೀಲಿ ಕರ್ಕೊಂಡು ಬರಬೇಕು. ಆಮೇಲೆ ಯಾವ ಹೊತ್ತಲ್ಲಿ ದುರ್ಗದ ಆಸ್ಪತ್ರೆಗೆ ಓಡಬೇಕೋ ಯಾರಿಗ್ಗೊತ್ತು. ಬೇರಿಂಗ್ ಪೂರ್ತಿ ಹೋದ್ರೆ ಗಾಲಿ ಕಚ್ಕೊಂಡು ನಿಲ್ಲುತ್ತೆ, ಇಲ್ಲಾ ಅಲ್ಲಾಡಿ ಕಳಚುತ್ತೆ. "ರಿಪೇರಿ ಆಗೋವರೆಗೂ ಮಗಳನ್ನ ಇದಕ್ಕೆ ಹತ್ತಿಸಲ್ಲ" ಅಂದೆ. ಮನೇಲಿ ಎರಡು ದಿನ ಮಾತಿಲ್ಲ ಕತೆಯಿಲ್ಲ.

ಮೂರನೇ ದಿನ ಹೊಳಲ್ಕೆರೆಗೆ, ನನ್ನ ತಮ್ಮನ ಪರಿಚಯದ ಮೆಕ್ಯಾನಿಕ್ ಹತ್ರ ಹೋದ್ವಿ. ಆ ಹುಡುಗ ಮುಂದಿನ ಗಾಲಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ಜಾಕ್ ಎತ್ತಿ, ಕೆಳಗೆ ಸ್ಟ್ಯಾಂಡೂ ಇಟ್ಟ. ಬರೀ ಜಾಕ್ ನಂಬಿ ಕೈ ಹಾಕಬಾರ್ದು. ಬಲಗಡೆ ಗಾಲೀನ ಮೇಲೂ ಕೆಳಗೂ ಹಿಡ್ದು ಅಲ್ಲಾಡಿಸಿದ, ಟಕ್ ಟಕ್ ಅಂತು. "ಅಮ್ಮ ಹೇಳಿದ್ದೇ ಸರಿ ಅಣ್ಣ" ಅಂದ. ನಾನು ಏನೂ ಅನ್ಲಿಲ್ಲ, ನೀರಿನ ಬಾಟ್ಲಿ ತೆಗೆದು ಕುಡಿದೆ.

ಗಾಲಿ ಬಿಚ್ಚಿದ್ರೆ ಬ್ರೇಕ್ ಡ್ರಮ್ಮು. ಮಧ್ಯದ ಮುಚ್ಚಳ ತಟ್ಟಿ ತೆಗೆದ್ರೆ ದೊಡ್ಡ ನಟ್ಟು, ನಟ್ಟಿಗೊಂದು ಪಿನ್ನು. ನಮ್ಮಪ್ಪನ ಎತ್ತಿನಗಾಡಿ ಕಡಾಣಿ ನೆನಪಾಯ್ತು, ಅದೂ ಇದೇ ಕೆಲಸ ಮಾಡ್ತಿತ್ತು. ಅಪ್ಪ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಅಚ್ಚಿಗೆ ಕೀಲೆಣ್ಣೆ ಹಾಕ್ತಿದ್ರು. ಇಲ್ಲಿ ಗ್ರೀಸು, ಅಷ್ಟೇ.

ಡ್ರಮ್ಮಿನೊಳಗೆ ಬೇರಿಂಗ್ ಎರಡು, ಒಳಗೊಂದು ಹೊರಗೊಂದು, ನಡುವೆ ಒಂದು ಕೊಳವೆ. ಒಳಗಿನದು ತುಕ್ಕು ತಿಂದು, ಗುಂಡು ಓಡೋ ದಾರಿ ಸಿಡುಬಿನ ಮುಖದಂಗೆ ಆಗಿತ್ತು. ಗ್ರೀಸು ಹಳಸಿದ ಹುಳಿ ಬಣ್ಣಕ್ಕೆ ತಿರುಗಿತ್ತು. ನೀರು ಹೊಕ್ಕಿರೋ ಗುರುತು ಅಂದ. ಹೊರಗಿನದು ಚೆನ್ನಾಗೈತೆ, ಇರಲಿ ಬಿಡು ಅಂದ್ರು ನಮ್ಮನೆಯವ್ರು. ಎರಡೂ ಹಾಕಪ್ಪ ಅಂದೆ. ಒಂದಕ್ಕೋಸ್ಕರ ಮತ್ತೆ ಇಷ್ಟೆಲ್ಲಾ ಬಿಚ್ಚೋರ್ಯಾರು?

ಹೊಸದನ್ನ ಕೂರ್ಸೋದ್ರಲ್ಲೇ ಇರೋದು ಕಸುಬು. ಹೊರಗಿನ ಬಳೆ ಮೇಲೆ ಮಾತ್ರ ಸುತ್ತಾ ಸಮನಾಗಿ ತಟ್ಟಬೇಕು. ಒಳಗಿನ ಬಳೆಗೆ ಏಟು ಬಿದ್ರೆ ಗುಂಡಿನ ದಾರಿ ಅವತ್ತೇ ತಗ್ಗು ಬೀಳುತ್ತೆ, ಹೊಸ ಬೇರಿಂಗೂ ನಾಲ್ಕೇ ದಿನಕ್ಕೆ ಗುರ್ ಅನ್ನುತ್ತೆ. ಅವನು ಹಳೇ ಬೇರಿಂಗನ್ನೇ ಮೇಲಿಟ್ಟು ತಟ್ಟಿದ. ಕೊಳವೆ ಮರೀದೆ ನಡುವೆ ಇಟ್ಟು, ಗ್ರೀಸು ತುಂಬಿ, ಬ್ರೇಕ್ ಲೈನರಿಗೆ ತಾಗದಂಗೆ ಒರೆಸಿ, ನಟ್ಟು ಬಿಗಿದು ಹೊಸ ಪಿನ್ನು ಹಾಕಿದ. ಎಡಗಡೇದೂ ಅದೇ ನೀರಲ್ಲಿ ನೆಂದದ್ದಲ್ವಾ, ಅದನ್ನೂ ಬಿಚ್ಚಿಸಿ ಬದಲಾಯಿಸಿದ್ವಿ.

ಭಾನುವಾರ ಮಗಳನ್ನ ಕರ್ಕೊಂಡು ಬಂದ್ವಿ. ದಾರಿಯುದ್ದಕ್ಕೂ ಅವಳ ಮಾತೊಂದೇ ಸದ್ದು.

ಅಗಲದ ಗಾಲಿಗಳು ಈಗ ಅಟ್ಟದ ಮೇಲೆ ಹುರುಳಿ ಚೀಲದ ಪಕ್ಕ ಅವೆ, ಗಾಡಿಗೆ ಕಂಪನಿದೇ ಹಾಕ್ಸಿದೀವಿ. ರೆಕ್ಕೆ ಮಾತ್ರ ತೆಗೀಬೇಡಮ್ಮ ಅಂದ ಮಗ. ಅದು ಯಾವ ಬೇರಿಂಗಿಗೂ ಭಾರ ಅಲ್ಲ, ಇರಲಿ ಅಂತ ಬಿಟ್ಟಿದೀನಿ.